ಆಸಕ್ತಿಯ ಕೊರತೆ

"ಈ ಬೋರ್ಡು ಎಲ್ಲಿ ಇಡ್ಲಿ ಮೇಡಂ?" ಎಂದು ಅಟೆಂಡರ್ ಕೇಳಿದಾಗ ಲೆಕ್ಕದ ಮೇಡಂ ಮೆಟ್ಟಿಲ ಮೇಲೆಯೇ ನಿಂತರು. 'ದಿನವೂ ಬಂದು ಹೋಗುವ ವಿದ್ಯಾರ್ಥಿಗಳ ಕೊಠಡಿ' ಎಂದು ನೀಲಿ ಅಕ್ಷರದಲ್ಲಿ ಬರೆಸಿ ಇನ್ನೂ ತಿಂಗಳಾಗಿರಲಿಲ್ಲ. ಅದನ್ನು ಗೋಡೆಗೆ ಹೊಡೆಯುವ ಮೊದಲೇ ಕೊಠಡಿ ಹಾಸ್ಟೆಲ್ಲಿನವರ ಟೇಬಲ್ ಟೆನಿಸ್ ಪಾಲಾಗಿತ್ತು.

"ಸ್ಟೋರಲ್ಲಿ ಇಡಪ್ಪ. ಹಿಂಭಾಗ ಖಾಲಿ ಇದೆಯಲ್ಲ, ಯಾವುದಕ್ಕಾದ್ರೂ ಆಗುತ್ತೆ."

ಖಾಲಿ ಹಿಂಭಾಗ ಕಂಡರೆ ಮೇಡಂ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ಸುತ್ತೋಲೆ, ಔಷಧಿ ಚೀಟಿ, ಎಲ್ಲದರ ಬೆನ್ನ ಮೇಲೂ ಅವರ ಲೆಕ್ಕ, ಅವರ ಕರಡು. "ಮೇಡಂಗೆ ಬೆನ್ನು ತೋರಿಸಿ ನಿಲ್ಲಬೇಡಿ, ಏನಾದ್ರೂ ಬರೆದುಬಿಟ್ಟಾರು" ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ಮೇಡಂ ತಾವೂ ನಗುತ್ತಿದ್ದರು.

ಕೊಠಡಿ ಕೈತಪ್ಪಿದ್ದಕ್ಕೆ ಅವರಿಗೆ ಬೇಸರವಿತ್ತು, ಆದರೆ ತಪ್ಪು ತಮ್ಮದು ಅನ್ನಿಸಿರಲಿಲ್ಲ. ಆ ವಿದ್ಯಾರ್ಥಿಗಳ ಉಸ್ತುವಾರಿ ಅವರದು. ಮೂರು ಸಲ ಸಭೆ ಕರೆದಿದ್ದರು. ಯಾರ ಪಾಠವೂ ಕೆಡಬಾರದೆಂದು ಸಂಜೆ ಐದೂವರೆಗೇ ಕರೆದಿದ್ದರು. ಮೊದಲ ಸಲ ಒಬ್ಬಳು ಬಂದಳು, ಆಮೇಲೆ ಒಂದು ನರಪಿಳ್ಳೆಯೂ ಇಲ್ಲ. ಕಂಡದ್ದನ್ನು ಕಂಡಹಾಗೆ ವರದಿ ಮಾಡಿದ್ದರು: 'ವಿದ್ಯಾರ್ಥಿಗಳಲ್ಲಿ ಆಸಕ್ತಿಯ ಕೊರತೆ ಕಂಡುಬಂದಿದೆ.'

ಆ ಒಬ್ಬಳು ಈಗ ಮೆಟ್ಟಿಲ ತಿರುವಿನಲ್ಲಿ ಕೂತು ಡಬ್ಬಿ ಬಿಚ್ಚಿದ್ದಳು. ಎರಡನೇ ವರ್ಷದವಳು. ಬಸ್ಸಿನಲ್ಲಾಗಲಿ ಕ್ಲಾಸಿನಲ್ಲಾಗಲಿ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಡದವಳೆಂದು ಗೆಳತಿಯರು ಅವಳನ್ನು 'ಕಿಟಕಿ' ಎಂದೇ ಕರೆಯುತ್ತಿದ್ದರು. ಅಟೆಂಡರ್ ಬೋರ್ಡು ಹೊತ್ತು ಇಳಿಯುವಾಗ ಡಬ್ಬಿಯನ್ನು ಮಡಿಲಿಗೆಳೆದುಕೊಂಡು ಗೋಡೆಗೆ ಒತ್ತಿಕೊಂಡಳು.

"ಊಟದ ಬೆಲ್ಲೇ ಆಗಿಲ್ಲ, ಆಗಲೇ ಊಟಾನಾ?" ಎಂದರು ಮೇಡಂ.

"ಹಸಿವಾಯ್ತು ಮೇಡಂ."

"ನನ್ನ ಮಧ್ಯಾಹ್ನದ ಕ್ಲಾಸಲ್ಲೂ ಹದಿನೈದು ದಿನದಿಂದ ನಿನ್ನ ಮುಖ ಕಂಡಿಲ್ಲ."

ಹುಡುಗಿ ಡಬ್ಬಿಯ ಮುಚ್ಚಳ ನೋಡುತ್ತ ಕೂತಳು.

"ನಿಮಗೆ ಅಂತ ಒಂದು ರೂಮು ಕೊಡಿಸೋಣ ಅಂತ ಎಷ್ಟು ಒದ್ದಾಡ್ದೆ ಗೊತ್ತಾ? ನಿಮ್ಮೋರು ಸಭೆ ಕಡೆ ತಲೆ ಹಾಕ್ಲಿಲ್ಲ. ಈಗ ನೋಡು, ಮೆಟ್ಟಿಲ ಮೇಲೆ ಕೂತು ತಿನ್ನೋ ಹಾಗಾಯ್ತು."

"ಐದೂ ಇಪ್ಪತ್ತಕ್ಕೆ ಕೊನೇ ಬಸ್ಸು ಮೇಡಂ."

"ಏನಂದೆ?"

"ನಮ್ಮೂರ ಕಡೆಗೆ, ಸೇತುವೆ ಆಚೆಗೆ, ಎಲ್ಲಾ ಕಡೆಗೂ ಐದೂ ಇಪ್ಪತ್ತರದ್ದೇ ಕೊನೇದು. ಸಭೆ ಐದೂವರೆಗೆ ಇತ್ತಲ್ಲ." ಯಾರೋ ಗಂಟೆ ಎಷ್ಟೆಂದು ಕೇಳಿದ್ದಕ್ಕೆ ಹೇಳಿದ ಹಾಗೆ ಹೇಳಿದಳು.

ಹನ್ನೊಂದು ವರ್ಷದಿಂದ ಮೇಡಂ ಮನೆ ಕಾಲೇಜಿನ ಆವರಣದೊಳಗೇ ಇತ್ತು. ಬಾಗಿಲಿಂದ ಕ್ಲಾಸಿಗೆ ನೂರಿಪ್ಪತ್ತು ಹೆಜ್ಜೆ, ಲೆಕ್ಕದವರಾದ್ದರಿಂದ ಎಣಿಸಿದ್ದರು. ಬಸ್ಸೆಂದರೆ ಅವರ ಪಾಲಿಗೆ ಗೇಟಿನಾಚೆ ಕೇಳುವ ಹಾರ್ನಿನ ಸದ್ದು, ಅಷ್ಟೆ.

"ಮತ್ತೆ ನೀನು ಅವತ್ತು ಬಂದಿದ್ದೆಯಲ್ಲ?"

"ಪಟ್ಟಿ ಕೊಡೋಕೆ ಯಾರಾದ್ರೂ ಒಬ್ರು ನಿಲ್ಲಬೇಕಿತ್ತಲ್ಲ ಮೇಡಂ."

"ಮನೆಗೆ ಹೇಗೆ ಹೋದೆ?"

"ಸೇತುವೆ ತನಕ ನಡೆದೆ. ಆಮೇಲೆ ಹಾಲಿನ ವ್ಯಾನು ಸಿಕ್ತು." ಡಬ್ಬಿ ಮುಚ್ಚುತ್ತ ಹೇಳಿದಳು, "ಅಜ್ಜಿ ಹಾಸಿಗೆ ಬಿಟ್ಟು ಏಳಲ್ಲ. ನಾನು ಹೋದ್ಮೇಲೇ ಅಮ್ಮ ಕಾರ್ಖಾನೆಗೆ ಹೊರಡೋದು. ಅವತ್ತು ಅಮ್ಮಂಗೆ ಪಾಳಿ ತಪ್ಪಿಹೋಯ್ತು."

ಮೇಡಂಗೆ ಆ ಸಂಜೆ ನೆನಪಾಯಿತು. "ಒಬ್ಬಳಿಗೆ ಏನಂತ ಸಭೆ ಮಾಡ್ಲಿ? ಹೋಗಮ್ಮ, ಹೋಗು" ಎಂದು ಎರಡೇ ನಿಮಿಷದಲ್ಲಿ ಸಾಗಹಾಕಿದ್ದರು. ಹುಡುಗಿ "ಆಯ್ತು ಮೇಡಂ" ಎಂದು ಹೊರಟಿದ್ದಳು. ಪಟ್ಟಿ ಯಾವುದೆಂದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

"ಮೇಜಿನ ಮೇಲೆ ಇಟ್ಟುಹೋಗು ಅಂದ್ರಿ" ಎಂದಳು ಹುಡುಗಿ.

ಪಟ್ಟಿ ಸ್ಟಾಫ್ ರೂಮಿನಲ್ಲಿ, ಅವರ ರಫ್ ಹಾಳೆಗಳ ಕಟ್ಟಿನಲ್ಲಿ ಸಿಕ್ಕಿತು. ನಲವತ್ತಮೂರು ಹೆಸರು, ಪ್ರತಿ ಹೆಸರಿನ ಮುಂದೆ ಊರು, ಬರುವ ಬಸ್ಸು, ಹೋಗುವ ಬಸ್ಸು, ಸ್ಕೇಲಿಟ್ಟು ಎಳೆದ ಗೆರೆಗಳ ನಡುವೆ. ಕೆಳಗೆ ಬೇಕಾದ್ದು: ಒದ್ದೆ ರೇನ್‌ಕೋಟು ನೇತುಹಾಕಲು ಮೊಳೆ. ಒಂದು ಕನ್ನಡಿ. ಫೋನಿಗೆ ಪ್ಲಗ್ಗು. ಬೆಳಿಗ್ಗೆ ಐದಕ್ಕೇ ಏಳುವವರಿಗೆ ಹತ್ತು ನಿಮಿಷ ತಲೆಯಿಡಲು ಒಂದು ಬೆಂಚು. ಕೊನೆಯ ಸಾಲು: 'ಸಭೆ ಊಟದ ಹೊತ್ತಿಗೆ ಇಟ್ಟರೆ ನಾವು ಎಲ್ಲರೂ ಬರುತ್ತೇವೆ.'

ಮೇಡಂ ಹಾಳೆ ತಿರುಗಿಸಿದರು. ಬೆನ್ನ ಮೇಲೆ ಅವರದೇ ಕೈಬರಹ, ಆ ವರದಿಯ ಕರಡು. 'ಆಸಕ್ತಿಯ ಕೊರತೆ' ಎಂಬುದರ ಕೆಳಗೆ ಎರಡೆರಡು ಗೆರೆ ಎಳೆದಿದ್ದರು. ಅವರ ಮುಖ ಬಿಸಿಯಾಯಿತು. ಪಕ್ಕದ ಮೇಜಿನವರು ನೋಡಿಬಿಟ್ಟಾರೆಂದು ಹಾಳೆಯನ್ನು ಪುಸ್ತಕದ ಕೆಳಗೆ ತೂರಿಸಿದರು. ಹಾಗೆ ತೂರಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಪ್ರಿನ್ಸಿಪಾಲರು ಕನ್ನಡಕ ಹಣೆಗೇರಿಸಿ ಕೇಳಿಸಿಕೊಂಡರು. "ಟೆನಿಸ್ ಟೇಬಲ್ಲು ಸೋಮವಾರ ಬರುತ್ತೆ ಮೇಡಂ. ನಿಮ್ಮ ವರದಿ ತಪ್ಪು ಅಂತ ನೀವೇ ಬರೆದುಕೊಟ್ರೆ ತಡೀಬಹುದು. ಆದ್ರೆ ಕಮಿಟೀಲಿ ಎಲ್ಲರ ಮುಂದೆ ಓದ್ತಾರೆ. ಯೋಚನೆ ಮಾಡಿ."

ಮೇಡಂ ಅವತ್ತು ಎರಡೂ ಕಡೆ ಖಾಲಿಯಿದ್ದ ಹೊಸ ಹಾಳೆ ತೆಗೆದುಕೊಂಡರು. 'ಸಭೆಯ ಸಮಯವನ್ನು ಸೂಕ್ತವಾಗಿ ನಿಗದಿಪಡಿಸಲಾಗಿರಲಿಲ್ಲ' ಎಂದು ಬರೆದು ಓದಿಕೊಂಡರು. ವಾಕ್ಯ ಸೊಗಸಾಗಿತ್ತು, ಅದರಲ್ಲಿ ಯಾರೂ ಸಿಕ್ಕಿಬೀಳುವಂತಿರಲಿಲ್ಲ. ನಿಗದಿಪಡಿಸಿದ್ದು ಯಾರು, ಗೋಡೆ ಗಡಿಯಾರವೇ? ಅದನ್ನು ಹೊಡೆದುಹಾಕಿದರು. 'ನಾನು ಬಸ್ಸಿನ ವೇಳೆ ಕೇಳಲಿಲ್ಲ. ಅವರು ಕೊಟ್ಟ ಪಟ್ಟಿಯನ್ನು ನಾನು ಓದಲಿಲ್ಲ. ಅದರ ಬೆನ್ನ ಮೇಲೆಯೇ ಅವರಿಗೆ ಆಸಕ್ತಿಯಿಲ್ಲವೆಂದು ಬರೆದೆ.' ಎರಡೂ 'ನಾನು'ಗಳನ್ನು ಹೊಡೆದುಹಾಕದೆ ಹಾಗೇ ಬಿಟ್ಟರು.

ಕಮಿಟಿಯಲ್ಲಿ ಅದನ್ನು ಓದಿದಾಗ ಯಾರೋ ಕೆಮ್ಮಿದರು, ಯಾರೋ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಮೇಡಂ ತಲೆ ತಗ್ಗಿಸಿ ಕೂತರು. ಕೊಠಡಿ ವಾಪಸ್ಸು ಬಂತು.

ಗುರುವಾರ, ಊಟದ ಬೆಲ್ಲು ಹೊಡೆದದ್ದೇ ತಡ, ಹನ್ನೆರಡೂವರೆಗೆ ಕೊಠಡಿ ಗಿಜಿಗುಟ್ಟಿತು. ಅಟೆಂಡರ್ ಹೊಡೆದ ಮೊಳೆಗಳಿಗೆ ಆಗಲೇ ಚೀಲಗಳು ನೇತುಬಿದ್ದಿದ್ದವು. ಹಾಜರಿ ಹಾಳೆ ಕೈಯಿಂದ ಕೈಗೆ ಹೋಗುತ್ತಿದ್ದಾಗ ಮೇಡಂ ಒಂದೊಂದೇ ಮುಖ ನೋಡಿದರು. ಬೆಳಗ್ಗಿನಿಂದ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು, ಕಿಟಕಿಗೆ ಎಲ್ಲರ ಮುಂದೆ ಹೇಳಬೇಕೆಂದು.

"ಕಿಟಕಿ ಎಲ್ಲಿ?" ಎಂದರು. ಅಡ್ಡಹೆಸರು ಬಾಯಿಗೆ ಬಂದದ್ದಕ್ಕೆ ಒಂದಿಬ್ಬರು ನಕ್ಕರು.

ಮುಂದಿನ ಬೆಂಚಿನ ಕನ್ನಡಕದ ಹುಡುಗಿ ನಗಲಿಲ್ಲ. "ಅವಳು ಹನ್ನೆರಡೂ ನಲವತ್ತರ ಬಸ್ಸಿಗೆ ಹೋಗ್ಬೇಕು ಮೇಡಂ."

"ಇವತ್ತೊಂದಿನ ನಿಲ್ಲಬಾರದಿತ್ತಾ?"

"ದಿನಾ ಹೋಗ್ತಾಳಲ್ಲ. ಅವತ್ತು ಮೊದಲ್ನೇ ಸಭೆ ದಿನ ಅವರಮ್ಮ ಹೇಳದೆ ಕೇಳದೆ ಪಾಳಿ ತಪ್ಪಿಸಿದ್ರು ಅಂತ ಸಂಜೆ ಪಾಳಿ ಕಿತ್ತು ಮಧ್ಯಾಹ್ನದ್ದು ಹಾಕಿದ್ದಾರೆ. ಅಜ್ಜಿ ಹತ್ರ ಇವಳೇ ಇರ್ಬೇಕು. ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ. ಊಟದ ಹೊತ್ತಿಗೆ ಸಭೆಯಿಡಿ ಎಂದು ಸ್ಕೇಲಿಟ್ಟು ಗೆರೆಯೆಳೆದು ಬರೆದು ಕೊಟ್ಟವಳು ಅವಳೇ. ಮೇಡಂಗೆ ತಮ್ಮ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ, ಮಧ್ಯಾಹ್ನದ ಅವಧಿಗಳಲ್ಲಿ, ತಾವೇ ಕೆಂಪು ಪೆನ್ನಿನಲ್ಲಿ ಹಾಕುತ್ತ ಬಂದ ಅಡ್ಡಗೆರೆಗಳು ಕಣ್ಣಮುಂದೆ ಬಂದವು.

ಹಾಜರಿ ಹಾಳೆ ಸುತ್ತಿ ಬಂದು ಅವರ ಕೈ ಸೇರಿತು. ನಲವತ್ತೆರಡು ಸಹಿಗಳು ಎರಡನೇ ಸಾಲಿನಿಂದ ಶುರುವಾಗಿದ್ದವು. ಮೊದಲನೇ ಸಾಲನ್ನು ಯಾರೂ ಮುಟ್ಟಿರಲಿಲ್ಲ.

"ಶುರು ಮಾಡೋಣ್ವಾ ಮೇಡಂ?" ಎಂದು ಯಾರೋ ಕೇಳಿದರು. ಗೇಟಿನಾಚೆ ಬಸ್ಸು ಹಾರ್ನ್ ಹೊಡೆಯಿತು. ಮೇಡಂ ಗಡಿಯಾರ ನೋಡಿದರು.