ಹಿಂದಕ್ಕೆ ನೋಡುವ ಸಿಂಹಿಣಿ

ಕೇಳದಿದ್ದದ್ದನ್ನೂ ಹೇಳುವ ಚಟ ನನ್ನ ಗಂಡ ತೆಪ್ತಿಗೆ. ಪಾರ್ಸ ಪಟ್ಟಣದಲ್ಲಿ, ದೊರೆಯ ಅರಮನೆಯ ಮೆಟ್ಟಿಲಗೋಡೆಯ ಮೇಲೆ ಅವನು ಪ್ರಾಣಿಗಳನ್ನು ಕೆತ್ತುತ್ತಿದ್ದ, ನಾನು ಉಜ್ಜಿ ನುಣುಪು ಮಾಡುತ್ತಿದ್ದೆ. ಒಂದೊಂದು ನಾಡಿನವರು ದೊರೆಗೆ ಕಾಣಿಕೆ ತರುವ ಸಾಲು ಅದು. ಒಂಟೆ ಎಂದರೆ ಒಂದು ನಾಡು, ಟಗರು ಎಂದರೆ ಇನ್ನೊಂದು. ನಮ್ಮ ನಾಡು ಶೂಷಾದ ಪಾಲಿಗೆ ಬಂದದ್ದು ಸಿಂಹಿಣಿ, ಜೊತೆಗೆ ಎರಡು ಮರಿ. ಅದು ಮುಗಿದರೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿ ಎಂದು ಮೇಲ್ವಿಚಾರಕ ಬಗಪಾತ ಮಾತು ಕೊಟ್ಟಿದ್ದ. ಮಗಳಿಗೆ ಶೂಷಾದ ನೆನಪೇ ಇರಲಿಲ್ಲ. ಮಗನಂತೂ ಹುಟ್ಟಿದ್ದೇ ಇಲ್ಲಿ.

ಸಾಲಿನ ಪ್ರಾಣಿಗಳೆಲ್ಲ ದೊರೆಯ ಕಡೆಗೇ ಮುಖ ಮಾಡಿದ್ದವು. ತೆಪ್ತಿ ಮಾತ್ರ ಸಿಂಹಿಣಿಯ ಕತ್ತನ್ನು ಹಿಂದಕ್ಕೆ ತಿರುಗಿಸಿದ, ಹಿಂದೆ ಬರುವವರ ತೋಳಲ್ಲಿದ್ದ ಮರಿಗಳ ಕಡೆಗೆ.

"ಏನಯ್ಯಾ, ತಲೆ ನೆಟ್ಟಗಿದೆಯಾ ನಿಂಗೆ? ಶೂಷಾದೋರಿಗೆ ದೊರೆ ಕಡೆ ನೋಡೋಕೂ ಮನಸ್ಸಿಲ್ಲ ಅಂತಾರೆ," ಎಂದೆ.

"ಸುಮ್ನೆ ಉಜ್ಜೇ ಮಾರಾಯ್ತಿ. ತಾಯಿ ಇನ್ನೆಲ್ಲಿ ನೋಡ್ತಾಳೆ?"

ಬಗಪಾತ ಬಂದು ಬಹಳ ಹೊತ್ತು ನೋಡಿದ.

"ಇದ್ಯಾಕೋ ಹಿಂದೆ ನೋಡ್ತಿದೆ?"

ತಪ್ಪಾಯಿತು ಎಂದಿದ್ದರೆ ಮುಖ ಕೆತ್ತಿ ತೆಗೆಸಿ ಬೇರೆ ಮಾಡಿಸುತ್ತಿದ್ದ, ಅಷ್ಟೇ. ಅಯ್ಯೋ, ಅಷ್ಟೇ ಆಗಿದ್ದರೆ! ಆದರೆ ಇವನು ಆಗಲೇ ಉಬ್ಬಿಹೋಗಿದ್ದ.

"ನಮ್ ಕಡೆ ಬೇಟೆಗಾರರು ಮಾಡೋದೇ ಹೀಗೆ ಒಡೆಯಾ. ಮೊದ್ಲು ಮರಿ ಹಿಡೀತಾರೆ. ಮರಿ ನಮ್ ಕೈಲಿದ್ರೆ ತಾಯಿ ಎಗರಾಡಲ್ಲ, ತೆಪ್ಪಗೆ ಬರ್ತಾಳೆ. ಹಗ್ಗ ಸುಮ್ನೆ ಹೆಸರಿಗೆ."

ಬಗಪಾತ "ಭಲೇ!" ಎಂದು ಬೆನ್ನು ತಟ್ಟಿದ. ಒಂದು ಕೊಡ ದ್ರಾಕ್ಷಾರಸವನ್ನೂ ಕಳಿಸಿದ. ಕಲ್ಲುಕುಟಿಗರೆಲ್ಲ ಕುಡಿದು ತೆಪ್ತಿಯನ್ನು ಹೊಗಳಿದರು. ನಾನೂ ನಕ್ಕು, ಸೋತೆ ಎಂದು ಒಪ್ಪಿಕೊಂಡೆ.

ಕೆಲಸ ಮುಗಿಯಿತು. ಹೊರಡುವ ದಿನ ಗಂಟುಮೂಟೆ ಕಟ್ಟಿ ನಿಂತಿದ್ದೆವು. ಬಗಪಾತ ಬಂದು ಮಗನನ್ನು ಎತ್ತಿ ಮುದ್ದಾಡಿದ.

"ಶೂಷಾದಲ್ಲೂ ಅರಮನೆ ಕಟ್ತಿದ್ದೀವಿ. ನೀವಿಬ್ರೂ ಹೋಗಿ ಅಲ್ಲಿ ಕೆಲಸ ಮಾಡಿ. ಮಕ್ಕಳು ಇಲ್ಲೇ ಇರ್ಲಿ. ಊರು ಸೇರಿದ ಕೆಲಸಗಾರರು ಓಡಿಹೋಗೋದೇ ನಂಗೆ ದೊಡ್ಡ ತಲೆನೋವಾಗಿತ್ತು. ಉಪಾಯ ಹೇಳ್ಕೊಟ್ಟೋನು ನೀನೇ ಅಲ್ವೇನೋ ತೆಪ್ತಿ?"

ಅವನ ದನಿಯಲ್ಲಿ ಕುಹಕವಿರಲಿಲ್ಲ, ಮೆಚ್ಚುಗೆಯೇ ಇತ್ತು. ಅದು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

"ಎಲ್ಲೀವರೆಗೆ ಒಡೆಯಾ?" ನಾನೇ ಕೇಳಿದೆ.

"ಅಲ್ಲಿನ ಕೆಲಸ ಮುಗಿಯೋವರೆಗೆ."

ಅರಮನೆಯ ಕೆಲಸ ಪೂರ್ತಿ ಮುಗಿದದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಆದರೂ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಇನ್ನೇನು ಬಂದ್ಬಿಡ್ತೀವಿ ಕಣೇ, ತಮ್ಮನ್ನ ನೋಡ್ಕೊ," ಎಂದೆ.