ಅಕ್ಕನ ಉದ್ದ ಮಾತು

ಮಾತಾಡುವ ಹೊಸ ಯಂತ್ರಕ್ಕೆ ನನ್ನ ಏಳು ತಿಂಗಳ ಸಂಬಳ. ಹಳೆಯದರ ರಿಪೇರಿಗೆ ಹಿಡಿದದ್ದು ಹನ್ನೊಂದು ಭಾನುವಾರ. ಲಿಫ್ಟ್ ಮೆಕ್ಯಾನಿಕ್ಕಾದ ನನ್ನ ಭಾನುವಾರವನ್ನು ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಅದೇ ಅಗ್ಗ ಅಂದುಕೊಂಡೆ.

ಗಂಟಲಿನ ಆಪರೇಷನ್ನಿನಲ್ಲಿ ಅಕ್ಕನ ದನಿ ಹೋಗಿ ಆರು ವರ್ಷ. ಅವಳಿರುವುದು ರೈಲಿನಲ್ಲಿ ಒಂದು ದಿನದ ದೂರ. ಅವಳು ಅಕ್ಷರ ಒತ್ತಿದರೆ ಒಂದು ಡಬ್ಬಿ ಮಾತಾಡುತ್ತದೆ. ದಿನಾ ಸಂಜೆ ಅದನ್ನು ಫೋನಿಗೆ ಹಿಡಿದು ನನ್ನನ್ನು ಬೈಯುತ್ತಾಳೆ. ಲಿಫ್ಟಿನ ವಿಷಯ ಬಿಟ್ಟು ಬೇರೇನನ್ನಾದರೂ ನನ್ನೊಡನೆ ಆಡುವವಳು ಅವಳೊಬ್ಬಳೇ.

ಡಬ್ಬಿಗೆ ಒತ್ತಕ್ಷರ ಬರುತ್ತಿರಲಿಲ್ಲ. ಅವಳು ನನಗಿಟ್ಟ ಹೆಸರು ಮೊದ್ದು. ಅದು ‘ಮೊದು’ ಅನ್ನುತ್ತಿತ್ತು. ಬೈಗುಳದಲ್ಲಿ ಖಾರವೇ ಇಲ್ಲ ಎಂದು ಅಕ್ಕನ ದೂರು. ನಾನು ಇರಲಾರದೆ ಇರುವೆ ಬಿಟ್ಟುಕೊಂಡೆ. ಅವಳಿಂದ ಮೆಮೊರಿ ಕಾರ್ಡನ್ನು ಅಂಚೆಯಲ್ಲಿ ತರಿಸಿ, ಇದ್ದದ್ದನ್ನು ಅಳಿಸಿ, ಒತ್ತಕ್ಷರ ಬಲ್ಲ ಪ್ರೋಗ್ರಾಮ್ ತುಂಬಿ ಕಳಿಸಿದೆ. ಗುರುತು ಹಾಕದೆ ಒಂದು ಸ್ಕ್ರೂ ಬಿಚ್ಚದ ನಾನು ಹಳೆಯದರ ಪ್ರತಿ ಇಟ್ಟುಕೊಳ್ಳಲಿಲ್ಲ.

ಮೊದಲ ಸಂಜೆ ಡಬ್ಬಿ ‘ಮೊದ್ದು’ ಎಂದು ಖಡಕ್ಕಾಗಿ ಹೇಳಿತು. ಹತ್ತು ವಾಕ್ಯ ಆಗುವಷ್ಟರಲ್ಲಿ, ಪಕ್ಕದ ಮನೆಯವಳ ಜಗಳದ ಕಥೆಯ ನಡುವೆ, ಸತ್ತೇಹೋಯಿತು. ಮತ್ತೆ ಏಳಲು ನಾಲ್ಕು ನಿಮಿಷ. ಅಂದಿನಿಂದ ದಿನವೂ ಅದೇ ಪಾಡು.

ಪ್ರೋಗ್ರಾಮಿನ ಭಾಷೆಯನ್ನು ಡಬ್ಬಿಯ ಎಲೆಕ್ಟ್ರಾನಿಕ್ ಚಿಪ್ಪಿಗೆ ತಿಳಿಸಿ ಹೇಳುವ ದುಭಾಷಿಯೊಂದು ಒಳಗಿರುತ್ತದೆ, ವರ್ಚುವಲ್ ಮಷೀನ್ ಎಂದು ಅದರ ಹೆಸರು. ಸಾಯುತ್ತಿದ್ದದ್ದು ಅದು. ಅದನ್ನು ಮಾಡಿದವರಿಗೆ ಬರೆದೆ. ಆ ಚಿಪ್ಪು ನಮ್ಮ ಪಟ್ಟಿಯಲ್ಲಿಲ್ಲ, ಬೇರೆ ಯಂತ್ರ ಕೊಳ್ಳಿ ಎಂದು ಒಂದು ಸಾಲಿನ ಉತ್ತರ ಬಂತು. ಗುಜರಿಯಲ್ಲಿ ಅಂಥದ್ದೇ ಡಬ್ಬಿಯೊಂದನ್ನು ಹುಡುಕಿ ತಂದು, ಅದೇ ಪ್ರೋಗ್ರಾಮ್ ತುಂಬಿ ಮೇಜಿನ ಮೇಲಿಟ್ಟುಕೊಂಡೆ.

ಪ್ರತಿ ಸಲವೂ ಬೇರೆ ಬೇರೆ ಕಡೆ ಸಾಯುತ್ತಿತ್ತು. ಸತ್ತ ಜಾಗ ಒಂದು, ವಿಷ ಕುಡಿದ ಜಾಗ ಇನ್ನೊಂದು ಎಂದು ತಿಳಿಯಲು ಆರು ಭಾನುವಾರ ಹೋದವು. ದುಭಾಷಿ ಆಗಾಗ ನಿಂತು, ಯಾರೂ ಬಳಸದ ಮಾತುಗಳನ್ನು ಕಸವೆಂದು ಗುಡಿಸುತ್ತದೆ. ಪ್ರತಿ ಅಕ್ಷರಕ್ಕೂ ಗುಡಿಸು ಎಂದು ಹಟ ಹಿಡಿದೆ. ಆಗ ಮೊದಲ ಪದದಲ್ಲೇ, ಒಂದೇ ಕಡೆ ಸಾಯತೊಡಗಿತು. ಕಳ್ಳ ಸಿಕ್ಕ. ಗುಡಿಸುವ ಮುನ್ನ, ಯಾವ ಮಾತು ಇನ್ನೂ ಬೇಕೆಂದು ತಿಳಿಯಲು, ಒಂದರ ಮೇಲೊಂದು ಇಟ್ಟ ಕೈಯಲ್ಲಿರುವ ಕೆಲಸಗಳ ಪೇರಿಕೆಯನ್ನು ಅದು ನೋಡಿಕೊಳ್ಳಬೇಕು. ಎಲ್ಲ ಚಿಪ್ಪುಗಳಲ್ಲೂ ಆ ಪೇರಿಕೆ ಕೆಳಮುಖವಾಗಿ ಬೆಳೆಯುತ್ತದೆಂದು ಅದರ ನಂಬಿಕೆ. ಈ ಚಿಪ್ಪಿನಲ್ಲಿ ಮೇಲಕ್ಕೆ ಬೆಳೆಯುತ್ತಿತ್ತು. ಖಾಲಿ ಕಡೆ ನೋಡಿ, ಅರ್ಧ ಆಡಿದ ಮಾತನ್ನೇ ಗುಡಿಸಿ ಹಾಕುತ್ತಿತ್ತು. ಅದು ಮೇಲ್ಕಡೆ ನೋಡುವಂತೆ ಪ್ರೋಗ್ರಾಮಿನಲ್ಲಿ ಒಂದು ಚಿಹ್ನೆ ತಿರುಗಿಸಿದೆ. ಗುಜರಿ ಡಬ್ಬಿ ಒಂದು ಹಗಲೆಲ್ಲ ನಿಲ್ಲದೆ ಮಾತಾಡಿತು. ಕೇಳಲು ನಾನೊಬ್ಬನೇ ಇದ್ದೆ.

ಸರಿಪಡಿಸಿ ಕಳಿಸಿದ ಹೊಸ ಕಾರ್ಡು ಅಕ್ಕನಿಗೆ ತಲುಪಿದ ಸಂಜೆ ನಾನೇ ಫೋನ್ ಮಾಡಿದೆ.

“ಅಕ್ಕಾ, ಇನ್ನು ನಿಲ್ಲಲ್ಲ. ಎಷ್ಟು ಬೇಕಾದ್ರೂ ಬೈಯಿ.”

“ಊಟ ಆಯ್ತಾ, ಮೊದ್ದು?”

“ಆಯ್ತು. ಪಕ್ಕದ ಮನೆಯವಳ ಜಗಳ ಅರ್ಧಕ್ಕೇ ನಿಂತಿತ್ತಲ್ಲ, ಹೇಳು.”

ಕೀಲಿಗಳ ಸದ್ದು ಬೇಗನೆ ಮುಗಿಯಿತು.

“ಹಳೇದಾಯ್ತು ಬಿಡೋ.”

ಡಬ್ಬಿ ಸಾಯುವ ಮುಂಚೆ ಮಾತು ಮುಗಿಸುವುದನ್ನು ಅವಳು ಈ ಹನ್ನೊಂದು ವಾರದಲ್ಲಿ ಕಲಿತುಬಿಟ್ಟಿದ್ದಳು. ಯಂತ್ರದ ಅಭ್ಯಾಸ ಬಿಡಿಸಿದ್ದೆ; ಅವಳದನ್ನು ಬಿಡಿಸುವುದು ನನಗೆ ಗೊತ್ತಿರಲಿಲ್ಲ.

ಅದಾಗಿ ಒಂದು ತಿಂಗಳು. ಡಬ್ಬಿ ಒಮ್ಮೆಯೂ ನಿಂತಿಲ್ಲ, ಒತ್ತಕ್ಷರ ಚೊಕ್ಕಟವಾಗಿ ಬರುತ್ತದೆ. ಮೊದಲು ಮುಕ್ಕಾಲು ಗಂಟೆ ಮಾತಾಡುತ್ತಿದ್ದೆವು. ಈಗ ಎರಡು ನಿಮಿಷ.