ಪಕ್ಕದ ಸೀಟಿನ ಕೆಲಸ

ಅಳಿಯ ಕಾರನ್ನು ಒಳಗೆ ತಂದು ನಿಲ್ಲಿಸಿದಾಗ ಮುಂದಿನ ಚಕ್ರದ ಅಂಚು ಸೊಟ್ಟಗಾಗಿತ್ತು. ನಾನು ಬೆಳಗಿನ ಪ್ರಾರ್ಥನೆ ಮುಗಿಸಿ ಬಾಗಿಲಲ್ಲಿ ನಿಂತಿದ್ದೆ.

"ಫುಟ್‌ಪಾತಿಗೆ ತಾಗಿತು, ಮಾವ. ಲ್ಯಾಪ್‌ಟಾಪ್ ನೋಡ್ತಿದ್ದೆ."

"ರಸ್ತೆ ನೋಡೋದು ಯಾರು?"

"ಅದೇ ತೊಂದರೆ," ಎಂದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

ಕಾರು ನನ್ನ ಮಗಳದು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಗಟ್ಟಿಯಾಗಿದ್ದಾಗ ಅದಕ್ಕೆ ಸೂಪರ್‌ಚಾರ್ಜರ್ ಎಂಬುದನ್ನು ತಾನೇ ಕೂರಿಸಿದ್ದಳು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚಬೇಕು. ಸಾಲದೆ ಹೋದರೆ ಎಂಜಿನ್ ಒಳಗೊಳಗೇ ಸುಟ್ಟುಹೋಗುತ್ತದೆ. ಎಷ್ಟಕ್ಕೆ ಎಷ್ಟು ಎಂದು ಲ್ಯಾಪ್‌ಟಾಪಿನಲ್ಲಿ ಹೊಂದಿಸುವುದೇ ಟ್ಯೂನಿಂಗ್. ಗಂಡಹೆಂಡಿರು ಅದನ್ನು ಜೊತೆಯಾಗಿ ಮಾಡುತ್ತಿದ್ದರು. ಅವಳು ಓಡಿಸುವುದು, ಅವನು ಪಕ್ಕದಲ್ಲಿ ಕೂತು, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ಪರದೆ ತೋರಿಸುವ ಅಂಕಿ ಕೂಗುವುದು. ಅಂಕಿ ಹನ್ನೆರಡು ದಾಟಿದರೆ ಪೆಟ್ರೋಲು ಸಾಲುತ್ತಿಲ್ಲವೆಂದು ಅರ್ಥ. ಅವಳು ಕೂಡಲೇ ಆಕ್ಸಿಲರೇಟರಿನಿಂದ ಕಾಲೆತ್ತಬೇಕು. ಮನೆಗೆ ಬಂದು ತಿದ್ದಿ, ಮತ್ತೆ ಹೊರಡುವುದು. ಅರ್ಧ ಕೆಲಸವಾಗಿತ್ತು, ಅಷ್ಟರಲ್ಲಿ ಅವಳಿಗೆ ಕಾಯಿಲೆ ಬಂತು.

"ಬಲ್ಲವರ ಕೈಗೆ ಕೊಟ್ಟುಬಿಡು," ಎಂದೆ.

"ಕೇಳಿ ಬಂದಿದ್ದೀನಿ. ಅವಳು ಮಾಡಿದ್ದನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡ್ತಾರಂತೆ." ಸೊಟ್ಟಗಾದ ಅಂಚನ್ನು ಬೆರಳಿಂದ ಸವರುತ್ತ ಹೇಳಿದ. "ನಾನೇ ಮುಗಿಸ್ತೀನಿ."

ಮುಗಿಸುತ್ತೇನೆಂದರೆ ನಾಳೆಯೂ ಒಬ್ಬನೇ ಹೋಗುತ್ತಾನೆ, ಪಕ್ಕಕ್ಕೆ ನೋಡುತ್ತಲೇ ಓಡಿಸುತ್ತಾನೆ. ಒಬ್ಬಳನ್ನು ದೇವರಿಗೆ ಒಪ್ಪಿಸಿದ ಮನೆ ನಮ್ಮದು. ಇನ್ನೊಂದು ಸಾವನ್ನು ತಾಳುವ ತ್ರಾಣ ನನ್ನಲ್ಲಿರಲಿಲ್ಲ.

"ಹಾಗಾದ್ರೆ ನಾನೂ ಬರ್ತೀನಿ. ಅಂಕಿ ಓದೋಕೆ ನನಗೂ ಬರುತ್ತೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕನ್ನಡಕ ಮರೀಬೇಡಿ," ಎಂದ.

ರಜೆಯ ದಿನ ಬೆಳಿಗ್ಗೆ ಉಗ್ರಾಣಗಳ ಹಿಂದಿನ ನೇರ ರಸ್ತೆಗೆ ಹೋದೆವು. ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿತ್ತು. ಅವನು ಕಾಲೊತ್ತಿದ. ಯಂತ್ರ ಕುಯ್ಯೆಂದು ಕೂಗಿತು. ಬೆನ್ನು ಸೀಟಿಗೆ ಅಂಟಿಕೊಂಡಿತು.

ನಾನು ಬುದ್ಧಿ ಬಂದಾಗಿನಿಂದ ದಿನವೂ ಗ್ರಂಥ ಓದುವವನು. ಅಕ್ಷರ ನುಂಗಬಾರದು, ಒಂದು ಸಾಲು ಪೂರ್ತಿಯಾಗದೆ ಇನ್ನೊಂದಕ್ಕೆ ಕಣ್ಣು ಹಾಯಿಸಬಾರದು ಎಂದು ಕಲಿತ ಬಾಯಿ. "ಹನ್ನೊಂದು ದಶಾಂಶ ಏಳು," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಪರದೆಯಲ್ಲಿ ಬೇರೆಯದೇ ಇತ್ತು. "ಹನ್ನೆರಡು ದಶಾಂಶ..." ಎನ್ನುವಾಗ ಎಂಜಿನ್ನಿನಿಂದ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಬಂತು. ಅವನು ಕಾಲೆತ್ತಿ, ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ.

"ಎಷ್ಟಿತ್ತು?"

"ಹನ್ನೆರಡು ದಶಾಂಶ ಒಂದು ಅಂತ ಹೇಳ್ತಿದ್ದೆ. ಅಷ್ಟರಲ್ಲಿ ಹದಿಮೂರು ದಾಟಿಬಿಡ್ತು."

"ಮಾವ, ಇದು ಪಾರಾಯಣ ಅಲ್ಲ."

"ಶುರು ಮಾಡಿದ್ದನ್ನ ಅರ್ಧಕ್ಕೆ ಹೇಗೆ ಬಿಡೋದು ಕಣಪ್ಪಾ?"

ಅವನಿಗೆ ನಗು ಬಂತು. ನನಗೂ ಬಂತು. ನಗುವುದು ಮರೆತುಹೋಗಿದ್ದರಿಂದ ಇಬ್ಬರಿಗೂ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ.

"ನಿಮ್ಮದೇ ತಪ್ಪಲ್ಲ ಬಿಡಿ," ಎಂದ ಆಮೇಲೆ. "ನಾನು ಅಂಕಿ ಹೇಳೋಕೆ ಮೊದಲೇ ಅವಳ ಕಾಲು ಎದ್ದಿರ್ತಿತ್ತು. ಸದ್ದಲ್ಲೇ ಗೊತ್ತಾಗ್ತಿತ್ತೇನೋ. ನಾನು ಸುಮ್ಮನೆ ಕೂಗ್ತಿದ್ದೆ."

"ಹಾಗಿದ್ರೆ ಬಲ್ಲವರಿಗೇ ಕೊಟ್ಟುಬಿಡೋಣ."

"ಎಂಜಿನ್ ಹೋಗುತ್ತೆ ಅಂತ ಚಿಂತೆಯಾ ನಿಮಗೆ?"

"ಎಂಜಿನ್ ಕಟ್ಟಿಕೊಂಡು ನನಗೇನು? ಮನೇಲಿ ಊಟಕ್ಕೆ ಕೂತರೆ ಎದುರಿಗೆ ಇರೋನು ನೀನೊಬ್ಬ."

ಅವನು ಗಾಡಿಯನ್ನು ಮನೆಯ ಕಡೆ ತಿರುಗಿಸಿದ. ಮರುವಾರ ಟ್ಯೂನರ್ ಹತ್ತಿರ ಹೋದೆವು.

ಅಲ್ಲಿ ನೆಲದಲ್ಲಿ ಉರುಳೆಗಳಿದ್ದವು. ಕಾರನ್ನು ಅದರ ಮೇಲೆ ಪಟ್ಟಿಗಳಿಂದ ಬಿಗಿದು, ನಿಂತಲ್ಲೇ ಓಡಿಸುತ್ತಾರೆ. ಎದುರಿಗೆ ಬಾಗಿಲಷ್ಟು ದೊಡ್ಡ ಫ್ಯಾನು. ಟ್ಯೂನರ್ ನಡುವಯಸ್ಸಿನ ಹೆಂಗಸು. ಪರದೆ ನೋಡುತ್ತ ಕೇಳಿದಳು.

"ಯಾರು ಮಾಡಿದ್ದು ಇದು?"

"ನನ್ನ ಹೆಂಡತಿ."

"ನಿಧಾನಕ್ಕೆ ಓಡೋ ಭಾಗ ಚೆನ್ನಾಗಿ ಮಾಡಿದ್ದಾರೆ. ಜೋರಾಗಿ ಓಡೋ ಭಾಗ ಬರೀ ಅಂದಾಜು."

"ಚೆನ್ನಾಗಿರೋದನ್ನ ಹಾಗೇ ಬಿಡಬಹುದಾ?"

"ಬಿಡಲ್ಲ ಸಾರ್. ಅರ್ಧ ಅವರದ್ದು, ಅರ್ಧ ನಂದು ಅಂತಾದ್ರೆ ನಾಳೆ ಕೆಟ್ಟಾಗ ಯಾರ ಕಿವಿ ಹಿಂಡ್ತೀರಿ? ಹಳೇದರ ಕಾಪಿ ಬೇಕಾದ್ರೆ ತೆಗೆದುಕೊಡ್ತೀನಿ."

"ಕಾಪಿ ಇದೆ," ಎಂದ ಅಳಿಯ. ಅದಲ್ಲ ತನಗೆ ಬೇಕಾದ್ದು ಎಂಬುದು ಅವನ ದನಿಯಲ್ಲೇ ಇತ್ತು.

ಅವನು ನನ್ನ ಕಡೆ ನೋಡಿದ. ಅವನು ಹ್ಞೂಂ ಅನ್ನಲಿ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡು ಬಂದಿದ್ದವನು ನಾನು. ಈಗ ತಲೆಯಾಡಿಸಲು ಕತ್ತು ಬಗ್ಗಲಿಲ್ಲ. ಟ್ಯೂನರಿಗೆ ಕಾಯುವ ಅಭ್ಯಾಸವಿತ್ತೋ ಏನೋ, ಕೀಲಿಮಣೆಯಿಂದ ಕೈ ತೆಗೆದು ಕೂತಳು.

"ಅಳಿಸಿ," ಎಂದ ಅವನು.

ಸಂಜೆ ಹಿಂದಿರುಗುವಾಗ ಕಾರು ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಅವನ ಎರಡು ಕೈಯೂ ಸ್ಟೀರಿಂಗಿನ ಮೇಲಿದ್ದವು, ಕಣ್ಣು ರಸ್ತೆಯ ಮೇಲಿತ್ತು. ಒಮ್ಮೆ ಜೋರಾಗಿ ಕಾಲೊತ್ತಿ ನೋಡಿದ, ಎಲ್ಲೂ ತೊಡಕಲಿಲ್ಲ.

"ಚೆನ್ನಾಗಿದೆ," ಎಂದ.

ಸ್ವಲ್ಪ ದೂರ ಹೋದ ಮೇಲೆ, "ತುಂಬಾ ಚೆನ್ನಾಗಿದೆ, ಮಾವ," ಎಂದು ಬದಿಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿದ.

ನಾನು ದೇವರಲ್ಲಿ ಬೇಡಿದ್ದು ಇವನ ಜೀವ ಒಂದನ್ನೇ. ಅದು ನನ್ನ ಪಕ್ಕದಲ್ಲಿ ಕೂತು ಅಳುತ್ತಿತ್ತು. ಬೆನ್ನಿನ ಮೇಲೆ ಕೈಯಿಟ್ಟು, "ನಿಧಾನಕ್ಕೆ ಹೋಗೋಣ, ಅವಸರ ಏನಿಲ್ಲ," ಎಂದೆ. ಎಂಜಿನ್ ಯಾರದೋ ಮನೆಯ ಕಾರಿನಂತೆ ಸಮನಾಗಿ ಓಡುತ್ತಲೇ ಇತ್ತು.